ಎತ್ತಬೇಡಿ, ಜಾರಿಸಿ

ಕೊಡಗಿನ ತೋಟಗಳಲ್ಲಿ ಕರಿಮೆಣಸು ಕೊಯ್ಲು ಶುರುವಾದರೆ ನನಗೆ ಆತಂಕವೂ ಶುರು. ಸಿಲ್ವರ್ ಓಕ್ ಮರಕ್ಕೆ ಏಣಿ ಒರಗಿಸಿ, ಅಷ್ಟೆತ್ತರದಲ್ಲಿ ನಿಂತು ಮೆಣಸು ಬಿಡಿಸಬೇಕು. ಮರ ಕಪಾತು ಮಾಡುವವರಿಗೂ ಇದೇ ಅಪಾಯ. ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ, ಅದರ ಕೆಳಗಿನ ಮೈಯ ಶಕ್ತಿ, ಸ್ಪರ್ಶ ಹೋದರೆ ಮೈಸೂರಿಗೋ ಮಂಗಳೂರಿಗೋ ಒಯ್ಯುತ್ತಾರೆ, ಆಪರೇಷನ್ ಆಗುತ್ತದೆ. ಆಮೇಲೆ ಮನೆ. ಅಲ್ಲಿಂದ ಮುಂದಿನದೆಲ್ಲ ಹೆಂಡತಿ, ಅಮ್ಮ, ತಮ್ಮನ ಕೈಯಲ್ಲಿ.

ಫಿಸಿಯೋಥೆರಪಿಗೆಂದು ಮನೆಗಳಿಗೆ ಹೋದಾಗ ಸಾಮಾನ್ಯವಾಗಿ ಕಾಣುವುದು ಒಂದೇ. ಒಬ್ಬರು ಕಂಕುಳಿಗೆ ಕೈ ಹಾಕುತ್ತಾರೆ, ಇನ್ನೊಬ್ಬರು ಕಾಲು ಹಿಡಿಯುತ್ತಾರೆ, ಎತ್ತಿ ಕುರ್ಚಿಗೆ ಹಾಕುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಎತ್ತುವವರ ಸೊಂಟ ಹಿಡಿಯುತ್ತದೆ. ರೋಗಿಯ ಭುಜಕ್ಕೆ ಏಟಾಗುತ್ತದೆ. ಕುತ್ತಿಗೆಯ ಮಟ್ಟದಲ್ಲಿ ಪೆಟ್ಟಾದವರಿಗೆ ಭುಜದ ಸ್ನಾಯುಗಳೇ ದುರ್ಬಲ, ಕಂಕುಳು ಹಿಡಿದು ಎಳೆದರೆ ಕೀಲು ಜಾರಬಹುದು. ಪೃಷ್ಠ ಹಾಸಿಗೆಗೆ ಉಜ್ಜಿ ಚರ್ಮ ಕಿತ್ತುಬರುತ್ತದೆ, ನೋವೇ ಗೊತ್ತಾಗದ್ದರಿಂದ ಯಾರ ಗಮನಕ್ಕೂ ಬರುವುದಿಲ್ಲ. ಇಷ್ಟರ ಮೇಲೆ, ಆತ ತಾನೇ ಮಾಡಬಹುದಾದ ಕೆಲಸವೂ ಅವನ ಕೈ ತಪ್ಪುತ್ತದೆ. ನನಗೆ ಎಲ್ಲಕ್ಕಿಂತ ಜಾಸ್ತಿ ಬೇಜಾರಾಗುವುದು ಇದಕ್ಕೆ.

ಮೊದಲು ಮಗ್ಗುಲಾಗುವುದನ್ನು ನೋಡೋಣ. ಆಪರೇಷನ್ ಆದ ಹೊಸತರಲ್ಲಿ ಬೆನ್ನು ತಿರುಚುವಂತಿಲ್ಲ. ತಲೆ, ಭುಜ, ಸೊಂಟ ಒಟ್ಟಿಗೇ ಹೊರಳಬೇಕು, ಅದಕ್ಕೆ ಇಬ್ಬರು ಮೂವರು ಬೇಕು. ಡಾಕ್ಟರ್ ಒಪ್ಪಿದ ಮೇಲೆ ಒಬ್ಬರೇ ಸಾಕು. ಎಡಕ್ಕೆ ಹೊರಳಿಸುವುದಾದರೆ ಎಡಗಡೆಯೇ ನಿಲ್ಲಿ. ಬಲಗಾಲನ್ನು ಎಡಗಾಲಿನ ಮೇಲೆ ದಾಟಿಸಿ, ಬಲಗೈ ಎದೆಯ ಮೇಲೆ ತನ್ನಿ. ಭುಜದ ಹಿಂಭಾಗ ಮತ್ತು ಸೊಂಟ ಹಿಡಿದು ನಿಮ್ಮ ಕಡೆ ತನ್ನಿ. ಕೈ ಹಿಡಿದು ಎಳೆಯಬೇಡಿ. ಕೈಯಲ್ಲಿ ಶಕ್ತಿ ಇರುವವರು ಎರಡೂ ತೋಳು ಅತ್ತಿಂದಿತ್ತ ಬೀಸಿ, ಮೂರನೇ ಬೀಸಿಗೆ ತಾವೇ ಹೊರಳಬಲ್ಲರು. ಅದನ್ನು ಕಲಿಯಲು ಬಿಡಿ.

ಹಗಲಿರುಳೂ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ಸೊಂಟದ ಎಲುಬಿನ ಮೇಲೆ ಭಾರ ಬೀಳುತ್ತದೆ. ಬೆನ್ನಿಗೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ಮಾತ್ರ ವಾಲಿಸಿ. ಮಂಡಿಗಳ ನಡುವೆ ಒಂದು ದಿಂಬು, ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಮೀನಖಂಡದ ಕೆಳಗೆ ಇನ್ನೊಂದು. ಏರ್ ಬೆಡ್ ಇದೆ, ತಿರುಗಿಸೋದು ಬೇಡ ಅಲ್ವಾ ಎಂದು ಕೇಳುತ್ತಾರೆ. ಬೇಕು. ನಮ್ಮ ಮಳೆಗಾಲದಲ್ಲಿ ಕರೆಂಟ್ ಹೋದರೆ ಆ ಹಾಸಿಗೆಯ ಪಂಪ್ ಕೂಡ ನಿಲ್ಲುತ್ತದೆ. ಬಟ್ಟೆ ಒಣಗದ ಆ ದಿನಗಳಲ್ಲಿ ಹಸಿ ಹೊದಿಕೆ, ಹಸಿ ಹಾಸು ಬೇಡವೇ ಬೇಡ, ತೇವಕ್ಕೆ ಚರ್ಮ ಬೇಗ ಒಡೆಯುತ್ತದೆ. ಚಳಿಯೆಂದು ಬಿಸಿನೀರಿನ ಚೀಲ ಇಡುವುದು, ಒಲೆಯ ಹತ್ತಿರ ಕೂರಿಸುವುದು ಇನ್ನೂ ಅಪಾಯ. ಸ್ಪರ್ಶ ಇಲ್ಲದ ಕಾಲು ಸುಟ್ಟರೂ ಆತನಿಗೆ ತಿಳಿಯುವುದಿಲ್ಲ.

ಇನ್ನು ಮಂಚದಿಂದ ಗಾಲಿಕುರ್ಚಿಗೆ. ಮೊದಲು ಎರಡರ ಎತ್ತರ ಸಮ ಮಾಡಿ. ಮಂಚ ತಗ್ಗಿದ್ದರೆ ಕಾಲುಗಳ ಕೆಳಗೆ ಗಟ್ಟಿ ಮರದ ದಿಮ್ಮಿ ಕೊಡಿಸಿ, ಅಲುಗಾಡಬಾರದು. ಕುರ್ಚಿಯನ್ನು ಮಂಚಕ್ಕೆ ಓರೆಯಾಗಿ ಹತ್ತಿರ ತನ್ನಿ. ಬ್ರೇಕ್ ಹಾಕಿ, ಆ ಕಡೆಯ ಕೈಪಟ್ಟಿ ತೆಗೆಯಿರಿ, ಕಾಲಿಡುವ ಹಲಗೆ ಸರಿಸಿ. ಮೂತ್ರದ ಚೀಲವನ್ನು ಎಲ್ಲಕ್ಕಿಂತ ಮೊದಲು ಸಾಗಿಸಿ, ಇಲ್ಲದಿದ್ದರೆ ಮೂತ್ರದ ನಳಿಕೆ, ಅಂದರೆ ಕ್ಯಾಥೆಟರ್, ಎಳೆಯುತ್ತದೆ. ಆಮೇಲೆ ನಿಧಾನಕ್ಕೆ ಕೂರಿಸಿ. ತಲೆ ಸುತ್ತಿದರೆ ಮತ್ತೆ ಮಲಗಿಸಿ, ಅವಸರವೇನಿಲ್ಲ.

ಮಂಚಕ್ಕೂ ಕುರ್ಚಿಗೂ ನಡುವೆ ಸೇತುವೆಯಂತೆ ಇಟ್ಟು ಜಾರಿಸುವ ಜಾರುಹಲಗೆಯನ್ನು ಊರಿನ ಬಡಗಿಯೇ ಮಾಡಿಕೊಡಬಲ್ಲ. ಎರಡೂವರೆ ಅಡಿ ಉದ್ದ, ನುಣ್ಣಗೆ ಉಜ್ಜಿ, ಅಂಚು ದುಂಡಗಿರಬೇಕು, ಮೊಳೆ ಕೂಡದು. ಬರಿಮೈಯಲ್ಲಿ ಜಾರಿಸಬೇಡಿ, ಚರ್ಮ ಅಂಟಿ ಕೀಳುತ್ತದೆ. ಕುರ್ಚಿಯ ಕಡೆಯ ತೊಡೆ ಸ್ವಲ್ಪ ಎತ್ತಿ ಹಲಗೆಯ ತುದಿ ಕೆಳಗೆ ಸೇರಿಸಿ, ಇನ್ನೊಂದು ತುದಿ ಕುರ್ಚಿಯ ಮೇಲಿರಲಿ. ನೀವು ಮುಂದೆ ನಿಂತು ನಿಮ್ಮ ಮಂಡಿಯಿಂದ ಅವರ ಮಂಡಿಗೆ ಆಸರೆ ಕೊಡಿ. ಕೈ ಹಿಡಿಯಬೇಕಾದ್ದು ಸೊಂಟವನ್ನು. ಇಲ್ಲೊಂದು ಗುಟ್ಟಿದೆ. ತಲೆ ಮತ್ತು ಸೊಂಟ ತಕ್ಕಡಿಯ ಎರಡು ತಟ್ಟೆಯಂತೆ ವಿರುದ್ಧ ದಿಕ್ಕಿಗೆ ಹೋಗುತ್ತವೆ. ಆತ ಮುಂದಕ್ಕೆ ಬಾಗಿ ತಲೆಯನ್ನು ಕುರ್ಚಿಯಿಂದ ದೂರಕ್ಕೆ, ವಿರುದ್ಧ ದಿಕ್ಕಿಗೆ ವಾಲಿಸಿದರೆ ಸೊಂಟ ಕುರ್ಚಿಯತ್ತ ಹಗುರಾಗುತ್ತದೆ. ಒಂದೇ ಸಲಕ್ಕೆ ಬೇಡ, ಸಣ್ಣ ಸಣ್ಣ ಜಾರುಗಳಲ್ಲಿ ಸಾಗಿ. “ಅಣ್ಣ, ಈಗ ಬಾಗಿ” ಎಂದು ಹೇಳಿ, ಕಾಯಿರಿ. ಆತ ಶುರು ಮಾಡಿದ ಮೇಲೆ ನೀವು ಕೈಜೋಡಿಸಿ.

ಕೈ ಊರುವಾಗ ಬೆರಳು ಮಡಚಿರಲಿ. ಬೆರಳಲ್ಲಿ ಶಕ್ತಿ ಇಲ್ಲದೆ, ಮಣಿಕಟ್ಟು ಮಾತ್ರ ಮೇಲೆತ್ತಬಲ್ಲವರಿಗೆ ಇದು ಬಹಳ ಮುಖ್ಯ. ಮಣಿಕಟ್ಟು ಎತ್ತಿದಾಗ ಬೆರಳು ತಾನಾಗಿ ಮಡಚಿಕೊಳ್ಳುವುದರಿಂದಲೇ ಅವರು ಲೋಟ ಹಿಡಿಯುತ್ತಾರೆ. ಅಂಗೈ ಚಪ್ಪಟೆಯಾಗಿ ಊರಿ ಊರಿ ಬೆರಳು ಮಡಚುವ ಸ್ನಾಯುರಜ್ಜು ಸಡಿಲವಾದರೆ ಆ ಹಿಡಿತವೂ ಹೋಗುತ್ತದೆ.

ಕೂತ ಮೇಲೆ ಕಾಲು ಗಂಟೆಗೊಮ್ಮೆ ಮುಂದಕ್ಕೋ ಪಕ್ಕಕ್ಕೋ ವಾಲಿ ಪೃಷ್ಠದ ಭಾರ ಇಳಿಸಬೇಕು. ಮಲಗಿದಾಗ ಚರ್ಮ ನೋಡಿ. ಕೆಂಪಾದ ಜಾಗ, ಕಪ್ಪು ಮೈಬಣ್ಣವಾದರೆ ಬಿಸಿಯಾದ ಅಥವಾ ಗಟ್ಟಿಯಾದ ಜಾಗ, ಅರ್ಧ ಗಂಟೆಯಾದರೂ ಸರಿಹೋಗದಿದ್ದರೆ ಅಲ್ಲಿ ಭಾರ ಹಾಕಬೇಡಿ.

ಬೆನ್ನುಹುರಿಯ ಎದೆಭಾಗದ 6ನೇ ಮಟ್ಟ (T6) ಅಥವಾ ಅದಕ್ಕಿಂತ ಮೇಲೆ ಪೆಟ್ಟಾಗಿದ್ದರೆ ಇನ್ನೊಂದು ಎಚ್ಚರ. ಇದ್ದಕ್ಕಿದ್ದಂತೆ ತಲೆ ಸಿಡಿದು, ಮುಖ ಕೆಂಪಾಗಿ ಬೆವರಿದರೆ ಬಿಪಿ ವಿಪರೀತ ಏರಿರಬಹುದು. ಮಲಗಿಸಬೇಡಿ. ನೆಟ್ಟಗೆ ಕೂರಿಸಿ, ಕಾಲು ಇಳಿಬಿಡಿ, ಬಟ್ಟೆ ಸಡಿಲಿಸಿ, ಕ್ಯಾಥೆಟರ್ ನಳಿಕೆ ಮಡಚಿದೆಯೇ ನೋಡಿ. ಕಡಿಮೆಯಾಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೊರಡಿ. ಪೆಟ್ಟು ಯಾವ ಮಟ್ಟದ್ದೆಂದು ಬರೆದ ಚೀಟಿ ಜೊತೆಗಿರಲಿ. ಹೀಗೆ ಬಿಪಿ ಏರುವುದಕ್ಕೆ ಅಟಾನಮಿಕ್ ಡಿಸ್‌ರಿಫ್ಲೆಕ್ಸಿಯಾ ಎನ್ನುತ್ತಾರೆ. ಅಲ್ಲಿ “ಅಟಾನಮಿಕ್ ಡಿಸ್‌ರಿಫ್ಲೆಕ್ಸಿಯಾ ಇರಬಹುದು” ಎಂದು ನೀವೇ ಬಾಯಿಬಿಟ್ಟು ಹೇಳಿ.