ಹೆಸರು ಒಂದು, ಒಳಗಿನ ಪೈಥಾನ್ ಇನ್ನೊಂದು: ಜುಪಿಟರ್‌ಹಬ್ ಕರ್ನಲ್ ಟಿಪ್ಪಣಿ

ಕಲಬುರಗಿಯ ನಮ್ಮ ಲ್ಯಾಬ್‌ನಲ್ಲಿ ಇರೋದು ಒಂದೇ ಸರ್ವರ್. ಅದರ ಮೇಲೆ ಜುಪಿಟರ್‌ಹಬ್ ಇದೆ (ಹಲವರು ಒಂದೇ ಸರ್ವರ್‌ನಲ್ಲಿ ನೋಟ್‌ಬುಕ್, ಅಂದರೆ ಸೆಲ್ ಸೆಲ್ ಆಗಿ ಕೋಡ್ ಬರೆದು ಓಡಿಸೋ ಪುಟ, ಬಳಸೋ ವ್ಯವಸ್ಥೆ), ಎಲ್ಲರೂ ಬ್ರೌಸರ್‌ನಿಂದಲೇ ಲಾಗಿನ್ ಆಗುತ್ತೇವೆ. ನಾನು ಎಪಿಎಂಸಿಯ ತೊಗರಿ ದರದ ಲೆಕ್ಕ ಮಾಡುತ್ತಿದ್ದೇನೆ. ನನ್ನ ಕೋಡ್ ಹಳೆಯದು, ಪಾಂಡಾಸ್ (ಟೇಬಲ್ ಲೆಕ್ಕದ ಪೈಥಾನ್ ಪ್ಯಾಕೇಜ್) 1.5 ಬೇಕು. ಪಕ್ಕದಲ್ಲಿ ಕೂರುವ ಆಳಂದದ ಗೆಳೆಯನಿಗೆ ನಂಪೈ 2 ಬೇಕು; ನಂಪೈ ಅಂದರೆ ಸಂಖ್ಯೆಗಳ ಲೆಕ್ಕದ ಪ್ಯಾಕೇಜ್, ಪಾಂಡಾಸ್ ಒಳಗೆ ಬಳಸೋದೂ ಅದನ್ನೇ. ಎರಡನ್ನೂ ಒಂದೇ ಕಡೆ ಹಾಕಿದೆವು. ಪಾಂಡಾಸ್ ಇಂಪೋರ್ಟ್ ಮಾಡಿದ ಕೂಡಲೇ ‘ನಂಪೈ ಡಿಟೈಪ್ ಗಾತ್ರ ಬದಲಾಗಿದೆ, 96 ಇರಬೇಕಿತ್ತು, 88 ಸಿಕ್ಕಿದೆ’ ಅನ್ನೋ ಅರ್ಥದ ಎರರ್ ಬಂತು. ನಂಪೈ 2.0 ಬಂದದ್ದು 2024ರ ಜೂನ್‌ನಲ್ಲಿ. ಅದರ ಜೊತೆ ಹೊಂದಿಕೊಳ್ಳೋದು ಪಾಂಡಾಸ್ 2.2.2 ಮತ್ತು ಅದರ ನಂತರದವು ಮಾತ್ರ.

ಹಾಗಾಗಿ ಇಬ್ಬರಿಗೂ ಬೇರೆ ಬೇರೆ ಎನ್ವಿರಾನ್‌ಮೆಂಟ್, ಅಂದರೆ ತನ್ನದೇ ಪೈಥಾನ್ ಮತ್ತು ಪ್ಯಾಕೇಜ್‌ಗಳಿರೋ ಪ್ರತ್ಯೇಕ ಜಾಗ, ಬೇಕಾಯಿತು. ಇದು ಸಾಧ್ಯ ಯಾಕೆ ಅಂದರೆ, ನೋಟ್‌ಬುಕ್ ಪುಟ ತಾನಾಗಿ ಏನನ್ನೂ ಓಡಿಸಲ್ಲ. ಓಡಿಸೋದು ಕರ್ನಲ್, ಅದು ಬೇರೆಯೇ ಪ್ರೋಸೆಸ್. ಖಾನಾವಳಿ ನೆನೆಸಿಕೊಳ್ಳಿ: ಉಣ್ಣೋ ಹಾಲ್ ಒಂದೇ, ಒಳಗೆ ಒಲೆ ಎಷ್ಟಾದರೂ ಇರಬಹುದು.

ಮಾಡೋದು ಸುಲಭ. ಕೊಂಡಾ ಅನ್ನೋ ಟೂಲ್‌ನಲ್ಲಿ ಹೊಸ ಎನ್ವಿರಾನ್‌ಮೆಂಟ್ ಮಾಡಿ, ಅದರೊಳಗೆ ಪೈಥಾನನ್ನು ಕರ್ನಲ್ ಆಗಿ ಓಡಿಸೋ ಐಪೈಕರ್ನಲ್ ಪ್ಯಾಕೇಜ್ ಹಾಕಿ. ಆಮೇಲೆ ಅದೇ ಎನ್ವಿರಾನ್‌ಮೆಂಟ್‌ನ ಪೈಥಾನ್‌ನಿಂದ ಐಪೈಕರ್ನಲ್‌ನ ಇನ್‌ಸ್ಟಾಲ್ ಕಮಾಂಡ್ ಓಡಿಸಿ, ಯೂಸರ್ ಆಯ್ಕೆ (ನಿಮಗೊಬ್ಬರಿಗೇ ಹಾಕೋಕೆ) ಮತ್ತು ಒಂದು ಹೆಸರು ಕೊಡಿ. ಪುಟ ರಿಫ್ರೆಶ್ ಮಾಡಿದರೆ ಕರ್ನಲ್ ಆರಿಸೋ ಲಾಂಚರ್‌ ಪುಟದಲ್ಲಿ ಹೊಸ ಹೆಸರು ಕಾಣುತ್ತದೆ.

ನಾನು ಎಡವಿದ್ದು ಇದರ ನಂತರ. ‘ತೊಗರಿ’ ಅಂತ ಹೆಸರಿಟ್ಟು, ನೋಟ್‌ಬುಕ್‌ನ ಸೆಲ್‌ನಲ್ಲೇ ಮುಂದೆ ! ಹಾಕಿ ಪಿಪ್ (ಪ್ಯಾಕೇಜ್ ಹಾಕೋ ಕಮಾಂಡ್) ಇನ್‌ಸ್ಟಾಲ್ ಓಡಿಸಿದೆ. ಯಶಸ್ವಿ ಅಂತ ಬಂತು. ಕೆಳಗಿನ ಸೆಲ್‌ನಲ್ಲಿ ಇಂಪೋರ್ಟ್ ಮಾಡಿದರೆ ‘ಮಾಡ್ಯೂಲ್ ಸಿಗಲಿಲ್ಲ’. ಅರ್ಧ ದಿನ ಹೋಯಿತು!

ಉತ್ತರ ಇದ್ದದ್ದು ಕರ್ನಲ್ ಡಾಟ್ ಜೇಸನ್ ಅನ್ನೋ ಪುಟ್ಟ ಫೈಲ್‌ನಲ್ಲಿ. ಅದರಲ್ಲಿ ಮುಖ್ಯವಾಗಿ ಎರಡೇ ವಿಷಯ. ಒಂದು, ಪರದೆ ಮೇಲೆ ಕಾಣೋ ಹೆಸರು. ಇನ್ನೊಂದು, ಓಡಿಸಬೇಕಾದ ಪೈಥಾನ್‌ನ ಪೂರ್ತಿ ಪಾತ್. ಅಂದರೆ ಹೆಸರು ಸುಮ್ನೆ ಒಂದು ಚೀಟಿ. ಜುಪಿಟರ್ ಆ ಪಾತ್‌ನಲ್ಲಿರೋ ಪೈಥಾನ್‌ ಓಡಿಸುತ್ತದೆ ಅಷ್ಟೇ, ಎನ್ವಿರಾನ್‌ಮೆಂಟ್‌ ಆಕ್ಟಿವೇಟ್ ಮಾಡಲ್ಲ. ಅದಕ್ಕೇ ! ಹಾಕಿದ ಪಿಪ್ ಶೆಲ್‌ಗೆ (ಸರ್ವರ್‌ನ ಕಮಾಂಡ್ ಲೈನ್‌ಗೆ) ಹೋಗಿ, ಅಲ್ಲಿ ಮೊದಲು ಸಿಕ್ಕ ಪೈಥಾನ್‌ಗೆ ಪ್ಯಾಕೇಜ್ ಹಾಕಿಬಿಟ್ಟಿತ್ತು. ! ಬದಲು % ಹಾಕಿದರೆ ಆ ಕರ್ನಲ್‌ಗೇ ಹೋಗುತ್ತದೆ. ಅನುಮಾನ ಬಂದರೆ ಸಿಸ್ ಇಂಪೋರ್ಟ್ ಮಾಡಿ, ಸಿಸ್ ಡಾಟ್ ಎಕ್ಸಿಕ್ಯೂಟಬಲ್ ಪ್ರಿಂಟ್ ಮಾಡಿ. ಯಾವ ಒಲೆ ಉರಿಯುತ್ತಿದೆ ಅಂತ ಅಲ್ಲೇ ಗೊತ್ತಾಗುತ್ತದೆ. ನಾನೀಗ ಪ್ರತಿ ನೋಟ್‌ಬುಕ್‌ನ ಮೊದಲ ಸೆಲ್‌ನಲ್ಲಿ ಇದನ್ನೇ ಬರೆಯುತ್ತೇನೆ.

ಇದೇ ಚೀಟಿಯಿಂದ ಇನ್ನೂ ಎರಡು ತೊಂದರೆ. ಎನ್ವಿರಾನ್‌ಮೆಂಟ್ ಅಳಿಸಿದರೂ ಹೆಸರು ಲಾಂಚರ್‌ನಲ್ಲಿ ಉಳಿಯುತ್ತದೆ, ಒತ್ತಿದರೆ ಎರರ್. ಕರ್ನಲ್‌ಸ್ಪೆಕ್ ಕಮಾಂಡ್‌ನಿಂದ ಅದನ್ನು ಬೇರೆಯಾಗಿ ತೆಗೆಯಬೇಕು. ಇನ್ನು ಅಡ್ಮಿನ್ ಕರ್ನಲನ್ನು ಎಲ್ಲರಿಗೂ ಕಾಣೋ ಹಾಗೆ ಹಾಕಿ, ಎನ್ವಿರಾನ್‌ಮೆಂಟನ್ನು ಮಾತ್ರ ತಮ್ಮ ಹೋಮ್ ಫೋಲ್ಡರ್‌ನಲ್ಲೇ ಇಟ್ಟುಕೊಂಡರೆ? ಹೆಸರು ಎಲ್ಲರಿಗೂ ಕಾಣುತ್ತದೆ. ಆದರೆ ಆ ಫೋಲ್ಡರ್‌ಗೆ ಪರ್ಮಿಷನ್ ಇಲ್ಲದವರಿಗೆ ಕರ್ನಲ್ ಶುರುವೇ ಆಗಲ್ಲ.

ಹಿಂದೆ ಯಾವಾಗಲೋ ಯೂಸರ್ ಆಯ್ಕೆ ಕೊಟ್ಟು ಪಿಪ್ ಮಾಡಿದ್ದರೆ ಅದನ್ನೂ ನೋಡಿ. ಆ ಪ್ಯಾಕೇಜ್‌ಗಳು ಹೋಮ್‌ನ ಡಾಟ್ ಲೋಕಲ್‌ ಫೋಲ್ಡರ್‌ನಲ್ಲಿ ಕೂತಿರುತ್ತವೆ. ಪೈಥಾನ್ ವರ್ಷನ್ ಒಂದೇ ಆಗಿದ್ದರೆ ಎಲ್ಲ ಕೊಂಡಾ ಎನ್ವಿರಾನ್‌ಮೆಂಟ್‌ಗೂ ನುಸುಳುತ್ತವೆ. ಕರ್ನಲ್ ಡಾಟ್ ಜೇಸನ್‌ನಲ್ಲಿ ‘ಪೈಥಾನ್‌ನೋಯೂಸರ್‌ಸೈಟ್’ ಅನ್ನೋ ವೇರಿಯಬಲ್‌ಗೆ 1 ಕೊಟ್ಟರೆ ಬಾಗಿಲು ಮುಚ್ಚುತ್ತದೆ.

ಟ್ಯಾಬ್ ಮುಚ್ಚಿದರೆ ಕರ್ನಲ್ ನಿಲ್ಲಲ್ಲ, ರ‍್ಯಾಮ್ ಹಿಡಿದುಕೊಂಡೇ ಇರುತ್ತದೆ. ಒಂದು ಮಧ್ಯಾಹ್ನ ಸರ್ವರ್ ತೆವಳುತ್ತಿತ್ತು. ಯಾರದಪ್ಪಾ ಇದು ಅಂತ ಎಲ್ಲರೂ ಬೈದೆವು. ರನ್ನಿಂಗ್ ಪಟ್ಟಿ ತೆಗೆದು ನೋಡಿದರೆ ನನ್ನವೇ ಮೂರು ಕರ್ನಲ್, ಹಿಂದಿನ ವಾರದವು.