ಒಂದು ಚಿಟಿಕೆ ಮರಳಿನ ಹುಟ್ಟೂರು

ಮನೆ ಕಟ್ಟಿಸುವವರು ಹಾಸನದ ನಮ್ಮ ಕಚೇರಿಗೆ ಮರಳಿನ ಪೊಟ್ಟಣ ತಂದು, "ಸಾರ್, ಇದು ಒಳ್ಳೇ ಮರಳಾ, ಸ್ವಲ್ಪ ನೋಡಿ" ಎನ್ನುವುದುಂಟು. ಭೂವಿಜ್ಞಾನಿಗಳ ಲೆಕ್ಕದಲ್ಲಿ ಮರಳು ಎಂಬುದು ಅಳತೆಯ ಹೆಸರು: ಸುಮಾರು 0.06ರಿಂದ 2 ಮಿಲಿಮೀಟರ್ ಗಾತ್ರದ ಕಣ ಕಲ್ಲಿನದಾಗಲಿ, ಚಿಪ್ಪಿನದಾಗಲಿ, ಅದು ಮರಳೇ. ಆದ್ದರಿಂದ ಮೊದಲು ಕೇಳಬೇಕಾದದ್ದು ಅದು ಎಲ್ಲಿಂದ ಬಂತು ಎಂಬುದನ್ನು.

ಈಚೆಗೆ ಹೊಳೆನರಸೀಪುರ ಕಡೆಯ ಹಳ್ಳವೊಂದರ ಮರಳನ್ನು ಬಿಳಿ ಹಾಳೆಯ ಮೇಲೆ ಹರಡಿ, ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಮಸೂರದಲ್ಲಿ ನೋಡಿದೆ. ಬಹುಪಾಲು ಗಾಜಿನಂತಹ ಬೆಣಚುಕಲ್ಲಿನ ಕಣಗಳು. ನಡುನಡುವೆ ಮಾಸಲು ಬಿಳುಪಿನ ಫೆಲ್ಡ್‌ಸ್ಪಾರ್, ಬೆಳಕಿಗೆ ಮಿನುಗುವ ಕಾಗೆಬಂಗಾರದ ಪದರಗಳು, ದಾಳಿಂಬೆ ಕಾಳಿನ ಬಣ್ಣದ ನಾಲ್ಕಾರು ಗಾರ್ನೆಟ್ ಚೂರುಗಳು. ಗಾರ್ನೆಟ್ ಆ ಸೀಮೆಯ ಪದರಶಿಲೆಯಿಂದ ಕಳಚಿ ಬಂದದ್ದು. ಉಳಿದವುಗಳಲ್ಲಿ ಹೆಚ್ಚಿನವು 300 ಕೋಟಿ ವರ್ಷಗಳಿಗೂ ಹಳೆಯದಾದ, ನೈಸ್ ಎಂಬ ಪಟ್ಟೆಪಟ್ಟೆ ಶಿಲೆಯ ಪಾಲು. ಮಳೆನೀರಿಗೆ ಫೆಲ್ಡ್‌ಸ್ಪಾರ್ ನಿಧಾನವಾಗಿ ಜೇಡಿಯಾಗುತ್ತದೆ, ಬೆಣಚುಕಲ್ಲು ಹಾಗೆಯೇ ಉಳಿಯುತ್ತದೆ. ನಮ್ಮ ಹೊಳೆಗಳ ಮರಳಿನಲ್ಲಿ ಅದರದೇ ಮೇಲುಗೈ ಆಗಿರುವುದಕ್ಕೆ ಇದೇ ಕಾರಣ. ಬಾಬಾಬುಡನ್‌ಗಿರಿಯ ತೊರೆಗಳ ಮರಳಿನಲ್ಲಿ ಅಯಸ್ಕಾಂತ ಆಡಿಸಿದರೆ ಕಪ್ಪು ಪುಡಿ ಮೀಸೆಯಂತೆ ಅಂಟಿಕೊಳ್ಳುತ್ತದೆ. ಅದು ಅಲ್ಲಿನ ಕಬ್ಬಿಣದ ಅದಿರಿನ ಮ್ಯಾಗ್ನಟೈಟ್.

ಬೆಣಚುಕಲ್ಲೇ ಇಲ್ಲದ ಮರಳೂ ಇದೆ. ಲಕ್ಷದ್ವೀಪದ ಬಿಳಿ ಮರಳು ಹವಳ ಮತ್ತು ಚಿಪ್ಪುಗಳದು. ನಿಂಬೆರಸ ಹಿಂಡಿದರೆ ಸಣ್ಣಗೆ ನೊರೆ ಏಳುತ್ತದೆ. ಹವಳವನ್ನು ಕಚ್ಚಿ ಅರೆದು ಮರಳಾಗಿ ವಿಸರ್ಜಿಸುವ ಗಿಳಿಮೀನಿನ ಪಾಲೂ ಇಂತಹ ದ್ವೀಪಗಳಲ್ಲಿ ದೊಡ್ಡದು. ಜಪಾನಿನ ತಾಕೆತೊಮಿ ದ್ವೀಪದಲ್ಲಿ ಸಿಗುವ ನಕ್ಷತ್ರಾಕಾರದ ಕಣಗಳು ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗಳ ಕವಚಗಳು. ಹವಾಯಿಯ ಪಾಪಕೋಲೆಯಾದಲ್ಲಿ ಅಲೆಗಳು ಜ್ವಾಲಾಮುಖಿಯ ಹಗುರ ಬೂದಿಯನ್ನು ಒಯ್ದು, ಭಾರದ ಹಸಿರು ಆಲಿವೀನ್ ಹರಳುಗಳನ್ನು ದಡದಲ್ಲೇ ಬಿಟ್ಟಿವೆ. ನನಗೆ ಎಲ್ಲಕ್ಕಿಂತ ಅಚ್ಚರಿಯೆನಿಸುವುದು ಅಮೆರಿಕದ ನ್ಯೂ ಮೆಕ್ಸಿಕೋದ ಜಿಪ್ಸಮ್ ಮರಳು ದಿಬ್ಬಗಳು. ಜಿಪ್ಸಮ್ ನೀರಿನಲ್ಲಿ ಕರಗುವ ವಸ್ತು. ಆದರೆ ಆ ಕಣಿವೆಯಿಂದ ಸಮುದ್ರಕ್ಕೆ ಹರಿದುಹೋಗುವ ನದಿಯಿಲ್ಲ, ಹಾಗಾಗಿ ಕರಗಿ ಬಂದದ್ದು ಕೆರೆಯಲ್ಲಿ ಆರಿ ಹರಳುಗಟ್ಟಿ, ಗಾಳಿಗೆ ಪುಡಿಯಾಗಿ ದಿಬ್ಬವಾಗಿದೆ.

ಪೊಟ್ಟಣ ತಂದವರಿಗೆ ನಾನು ಹೇಳುವುದು ಇಷ್ಟು. ಕಾಗೆಬಂಗಾರ ಹೆಚ್ಚಿದ್ದರೆ ಅದರ ನುಣುಪು ಪದರಗಳಿಗೆ ಸಿಮೆಂಟ್ ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ, ಕಾಂಕ್ರೀಟಿಗೆ ನೀರೂ ಹೆಚ್ಚು ಬೇಕಾಗುತ್ತದೆ. ಮರಳನ್ನು ಗಾಜಿನ ಲೋಟದ ನೀರಿಗೆ ಹಾಕಿ, ಚೆನ್ನಾಗಿ ಕದಡಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೇಲೆ ಜೇಡಿಯ ಪದರ ದಪ್ಪಗಿದ್ದರೆ ಆ ಲೋಡನ್ನು ಇಳಿಸಿಕೊಳ್ಳಬೇಡಿ.