ಪರದೆ ಬಿಟ್ಟೇಳುವ ಹೊತ್ತು

ಆಟಿಸಂ ಇರುವ ಎಂಟು ವರ್ಷದ ಹುಡುಗನೊಬ್ಬ ಒಂದು ಗಂಟೆಯಿಂದ ಕಂಪ್ಯೂಟರಿನ ಮುಂದೆ ಸದ್ದಿಲ್ಲದೆ ಕುಳಿತಿದ್ದಾನೆ ಎಂದುಕೊಳ್ಳೋಣ. ರೈಲೊಂದು ಸುರಂಗದೊಳಗೆ ನುಗ್ಗುವ ಹತ್ತು ಸೆಕೆಂಡುಗಳ ದೃಶ್ಯವನ್ನು ಮತ್ತೆ ಮತ್ತೆ ಹಿಂದಕ್ಕೆ ಸರಿಸಿ ನಲವತ್ತನೆಯ ಸಲ ನೋಡುತ್ತಿದ್ದಾನೆ. ಅಪ್ಪ ಬಂದು "ಸಾಕು, ಏಳು" ಎಂದು ಗುಂಡಿ ಒತ್ತಿದ ಮರುಗಳಿಗೆಯಲ್ಲಿ ನೆಲಕ್ಕೆ ಬಿದ್ದು ಚೀರುತ್ತಾನೆ, ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತಾನೆ. ನೋಡಿದವರು ಇದನ್ನು ಚಟ ಎನ್ನುತ್ತಾರೆ. ಕಂಪ್ಯೂಟರನ್ನೇ ಮನೆಯಿಂದ ಆಚೆ ಹಾಕಿ ಎಂಬ ಸಲಹೆಯೂ ಅದರ ಬೆನ್ನಿಗೇ ಬರುತ್ತದೆ. ಆದರೆ ಶಾಲೆಗೆ ಹೋಗುವ ದಾರಿ ಬದಲಾದ ದಿನವೂ, ದಿನಾ ತೊಡುವ ಅಂಗಿ ಸಿಗದ ದಿನವೂ ಇವನು ಹೀಗೆಯೇ ಚೀರಿದ್ದಾನೆ ಎಂಬುದನ್ನು ನೆನಪಿಸಿಕೊಂಡರೆ, ತೊಡಕು ಇರುವುದು ಪರದೆಗಿಂತ ಹೆಚ್ಚಾಗಿ ಒಂದರಿಂದ ಇನ್ನೊಂದಕ್ಕೆ ದಾಟುವ ಆ ಕ್ಷಣದಲ್ಲಿ ಎಂಬ ಅನುಮಾನ ಹುಟ್ಟುತ್ತದೆ.

ಈ ಅನುಮಾನಕ್ಕೆ ಆಟಿಸಂನ ಇತಿಹಾಸದಷ್ಟೇ ವಯಸ್ಸಾಗಿದೆ. 1943ರಲ್ಲಿ ಮಕ್ಕಳ ಮನೋವೈದ್ಯ ಲಿಯೊ ಕ್ಯಾನರ್ 11 ಮಕ್ಕಳನ್ನು ಕುರಿತು ಬರೆದ ಪ್ರಬಂಧದಲ್ಲಿ, ಎಲ್ಲವೂ ಇದ್ದ ಹಾಗೆಯೇ ಇರಬೇಕೆಂಬ ಆತಂಕಭರಿತ ಹಂಬಲವನ್ನು ಈ ಮಕ್ಕಳ ಮುಖ್ಯ ಲಕ್ಷಣಗಳಲ್ಲಿ ಒಂದಾಗಿ ಗುರುತಿಸಿದರು. 2014ರಲ್ಲಿ ಪವನ್ ಸಿನ್ಹಾ ಮತ್ತು ಅವರ ಸಂಗಡಿಗರು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಿಂದ ಮಂಡಿಸಿದ ಸಿದ್ಧಾಂತವು ಇದನ್ನು ಇನ್ನೊಂದು ಕಡೆಯಿಂದ ನೋಡುತ್ತದೆ: ಮುಂದೆ ಏನಾಗುವುದೆಂದು ಊಹಿಸುವ ಮೆದುಳಿನ ಕೆಲಸವೇ ಆಟಿಸಂನಲ್ಲಿ ಕಷ್ಟವಾಗುತ್ತಿರಬಹುದು, ಆದ್ದರಿಂದ ಜಗತ್ತು ಎಡೆಬಿಡದೆ ಬೆಚ್ಚಿಬೀಳಿಸುವ ತಾಣವಾಗಿ ತೋರುತ್ತಿರಬಹುದು. ಇದು ಎಲ್ಲವನ್ನೂ ವಿವರಿಸುತ್ತದೆ ಎಂದು ನಾನು ಹೇಳಲಾರೆ. ಆದರೆ ಕಂಪ್ಯೂಟರ್ ಈ ಮಕ್ಕಳಿಗೆ ಏಕೆ ಇಷ್ಟು ಹಿತವೆನಿಸುತ್ತದೆ ಎಂಬುದು ಇದರಿಂದ ಚೆನ್ನಾಗಿ ಅರ್ಥವಾಗುತ್ತದೆ. ಅದೇ ಕೀಲಿ ಒತ್ತಿದರೆ ಅದೇ ಫಲ ಸಿಗುತ್ತದೆ; ಸದ್ದು ಹೆಚ್ಚಾದರೆ ತಗ್ಗಿಸಬಹುದು, ಅರ್ಥವಾಗದಿದ್ದರೆ ತಡೆದು ನಿಲ್ಲಿಸಬಹುದು; ಎದುರಿನವರ ಮುಖಭಾವ ಓದುವ ಹೊರೆ ಇಲ್ಲ. ದಿನವಿಡೀ ಶಾಲೆಯ ಗದ್ದಲವನ್ನು ತಾಳಿಕೊಂಡು ಬಂದ ಮಗು ಮನೆಗೆ ಬಂದ ಕೂಡಲೇ ಅದರತ್ತ ಓಡುವುದು ಎಷ್ಟೋ ಸಲ ದಣಿವಾರಿಸಿಕೊಳ್ಳುವುದಕ್ಕೆ.

ಕೂಗಿದರೂ ಓಗೊಡದಿರುವುದು ಇನ್ನೊಂದು ದೂರು. 2005ರಲ್ಲಿ ಡೈನಾ ಮರ್ರೆ ಮತ್ತು ಇನ್ನಿಬ್ಬರು ವಿಸ್ತರಿಸಿ ಬರೆದ 'ಮಾನೊಟ್ರೊಪಿಸಂ' ಎಂಬ ಕಲ್ಪನೆಯ ಪ್ರಕಾರ, ಆಟಿಸಂ ಇರುವವರ ಗಮನವು ಹಲವು ಕಡೆ ತೆಳ್ಳಗೆ ಹರಡಿಕೊಳ್ಳುವ ಬದಲು ಒಂದೇ ಕಡೆ ಆಳವಾಗಿ ಹರಿಯುತ್ತದೆ. ಹಾಗೆ ಮುಳುಗಿರುವ ಮಗುವಿಗೆ ತನ್ನ ಹೆಸರು ಕೇಳಿಸುವುದಿಲ್ಲ. ಹಸಿವು, ಬಾಯಾರಿಕೆ, ಮೂತ್ರದ ಒತ್ತಡದಂಥ ದೇಹದ ಒಳಗಿನ ಸೂಚನೆಗಳೂ ತಡವಾಗಿ ತಲುಪುವುದುಂಟು. ಅಡುಗೆಮನೆಯಿಂದ ಹತ್ತು ಸಲ ಕೂಗುವುದಕ್ಕಿಂತ ಹತ್ತಿರ ಹೋಗಿ, ಪಕ್ಕದಲ್ಲಿ ಕುಳಿತು, ಒಂದು ನಿಮಿಷ ಪರದೆಯನ್ನು ತಾನೂ ನೋಡಿ, "ರೈಲು ಹೊರಗೆ ಬಂತಲ್ಲ" ಎಂದು ಅವನ ಲೋಕದ ಮಾತನ್ನೇ ಮೊದಲು ಆಡಿದರೆ ಗಮನವು ನಿಧಾನವಾಗಿ ಮೇಲಕ್ಕೆ ಬರುತ್ತದೆ.

ಎಷ್ಟು ಗಂಟೆ ಎಂಬ ಪ್ರಶ್ನೆಗೆ ಪೋಷಕರು ಬಯಸುವಷ್ಟು ಖಚಿತವಾದ ಉತ್ತರವಿಲ್ಲ. ಆಟಿಸಂ ಸಂಶೋಧಕಿ ಮೈಕಾ ಮಜುರೆಕ್ ಮತ್ತು ಸಹೋದ್ಯೋಗಿಯೊಬ್ಬರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಟಿಸಂ ಇರುವ ಹುಡುಗರು ದಿನಕ್ಕೆ ಸರಾಸರಿ 2.1 ಗಂಟೆ ವಿಡಿಯೊ ಆಟಗಳಲ್ಲಿ ಕಳೆಯುತ್ತಿದ್ದರೆ ಇತರ ಹುಡುಗರು 1.2 ಗಂಟೆ ಕಳೆಯುತ್ತಿದ್ದರು. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ದಿನಕ್ಕೆ ಒಂದು ಗಂಟೆಯ ಗರಿಷ್ಠ ಮಿತಿಯನ್ನು ಸೂಚಿಸಿದೆ. ಅದಕ್ಕಿಂತ ದೊಡ್ಡ ಮಕ್ಕಳ ವಿಷಯದಲ್ಲಿ ಅಮೆರಿಕದ ಮಕ್ಕಳ ವೈದ್ಯರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2016ರಲ್ಲಿ ಗಂಟೆಗಳ ಲೆಕ್ಕವನ್ನೇ ಕೈಬಿಟ್ಟು, ನಿದ್ರೆ, ಮೈದಣಿಯುವ ಆಟ ಮತ್ತಿತರ ಅಗತ್ಯಗಳಿಗೆ ಧಕ್ಕೆ ಬಾರದಂತೆ ಸ್ಥಿರವಾದ ಮಿತಿ ಇರಲಿ ಎಂದಿತು. ಅದು ಸರಿಯಾದ ದಾರಿ ಎಂದೇ ನನ್ನ ಅಭಿಪ್ರಾಯ.

ಇನ್ನು ನಿಲ್ಲಿಸುವುದು ಹೇಗೆ ಎಂಬ ವಿಚಾರ. "ಇನ್ನೆರಡೇ ನಿಮಿಷ" ಎಂಬ ಎಚ್ಚರಿಕೆ ಎಲ್ಲ ಮನೆಗಳಲ್ಲೂ ಇದೆ, ಅದು ಕೆಲಸ ಮಾಡುತ್ತದೆ ಎಂಬ ನಂಬಿಕೆಯೂ ಇದೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಒಂದರಿಂದ ಐದು ವರ್ಷದ ಮಕ್ಕಳಿರುವ ಮನೆಗಳಲ್ಲಿ ಇದನ್ನು ಗಮನಿಸಿದಾಗ, ಇಂಥ ಎಚ್ಚರಿಕೆ ಕೊಟ್ಟ ಸಂದರ್ಭಗಳಲ್ಲಿ ಮಕ್ಕಳ ರಂಪ ಹೆಚ್ಚೇ ಆಗಿತ್ತು. ವಿಡಿಯೊ ತಾನಾಗಿಯೇ ಮುಗಿದಾಗ ಅಥವಾ ನಿಲ್ಲಿಸುವುದು ದಿನಚರಿಯ ಭಾಗವೇ ಆಗಿದ್ದಾಗ ಮಕ್ಕಳು ಹೆಚ್ಚು ಸುಲಭವಾಗಿ ಎದ್ದು ಬಂದಿದ್ದರು. ಅದು ಆಟಿಸಂ ಇರುವ ಮಕ್ಕಳನ್ನೇ ಕುರಿತ ಅಧ್ಯಯನವಾಗಿರಲಿಲ್ಲ. ಆದರೂ ಅದರ ತಿರುಳು ಇವರಿಗೆ ಇನ್ನೂ ಚೆನ್ನಾಗಿ ಹೊಂದುತ್ತದೆ. ಏಕೆಂದರೆ ಎರಡು ನಿಮಿಷ ಎಂಬುದು ಕಣ್ಣಿಗೆ ಕಾಣದ, ಕೈಗೆ ಸಿಗದ ಮಾತು. ಅದು ಹೇಳುವವರ ಮನಸ್ಸಿನಂತೆ ಒಮ್ಮೆ ಒಂದು ನಿಮಿಷವಾಗುತ್ತದೆ, ಇನ್ನೊಮ್ಮೆ ಹತ್ತಾಗುತ್ತದೆ. "ಈ ಸುತ್ತು ಮುಗಿದ ಮೇಲೆ" ಅಥವಾ "ಇನ್ನು ಮೂರು ವಿಡಿಯೊ" ಎಂಬುದು ಮಗು ತಾನೇ ಎಣಿಸಬಹುದಾದ ಕೊನೆ.

ಹಾಗಾಗಿ ಕೊನೆಯನ್ನು ಆರಂಭದಲ್ಲೇ ನಿಗದಿಪಡಿಸುವುದು ಒಳ್ಳೆಯದು. ಒಂದು ವಿಡಿಯೊ ಮುಗಿಯುತ್ತಿದ್ದಂತೆ ಮುಂದಿನದು ತಾನಾಗಿ ಶುರುವಾಗುವ ಆಟೊಪ್ಲೇ ಸೌಲಭ್ಯವನ್ನು ಮೊದಲ ದಿನವೇ ಆಫ್ ಮಾಡಬೇಕು. ಕೊನೆಯೇ ಇಲ್ಲದ ವಸ್ತುವಿಗೆ ಕೊನೆ ಹೇಳಿಕೊಡುವುದು ಯಾರಿಂದಲೂ ಆಗದು. ಆಟವಾದರೆ, ಅದುವರೆಗೆ ಆಡಿದ್ದು ಸೇವ್ ಆಗಿದೆ, ನಾಳೆ ಇಲ್ಲಿಂದಲೇ ಮುಂದುವರಿಯಬಹುದು ಎಂಬುದನ್ನು ತೋರಿಸಿ ಮುಚ್ಚಬೇಕು. ಎರಡು ಗಂಟೆ ಕಷ್ಟಪಟ್ಟು ಕಟ್ಟಿದ ಕೋಟೆಯನ್ನು ದೊಡ್ಡವರು ಒಂದು ಗುಂಡಿಯಿಂದ ಅಳಿಸಿಬಿಟ್ಟರು ಎಂಬ ಸಂಕಟವನ್ನು ನಾವು ಹಠ ಎಂದು ತಪ್ಪಾಗಿ ಓದಿರುವ ಸಾಧ್ಯತೆ ಬಹಳ. ಉಳಿದ ಸಮಯ ಬಣ್ಣದ ತುಂಡಾಗಿ ಕರಗುತ್ತ ಹೋಗುವ ಟೈಮರ್ ಕೂಡ ನೆರವಾಗುತ್ತದೆ, ಏಕೆಂದರೆ ಆಗ 'ಸಾಕು' ಎನ್ನುವುದು ಅಮ್ಮನಲ್ಲ, ಗಡಿಯಾರ. ನಿಲ್ಲಿಸಿದ ಮೇಲೆ ಮುಂದೇನು ಎಂಬುದೂ ಕಣ್ಣಿಗೆ ಕಾಣಬೇಕು. 1970ರ ದಶಕದಿಂದ ಎರಿಕ್ ಶಾಪ್ಲರ್ ಅವರ ನೇತೃತ್ವದಲ್ಲಿ ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಬೆಳೆದ 'ಟೀಚ್' ಎಂಬ ಕಲಿಕಾ ಪದ್ಧತಿ ಚಿತ್ರಗಳ ದಿನಚರಿಯನ್ನು ಬಳಕೆಗೆ ತಂದದ್ದು ಇದಕ್ಕಾಗಿಯೇ. ಕಂಪ್ಯೂಟರಿನ ಚಿತ್ರದ ಪಕ್ಕದಲ್ಲಿ ಉಯ್ಯಾಲೆಯ ಚಿತ್ರವಿದ್ದರೆ ಮಗು ಶೂನ್ಯಕ್ಕೆ ಜಿಗಿಯಬೇಕಾಗಿಲ್ಲ. ಉಯ್ಯಾಲೆಯ ಜಾಗದಲ್ಲಿ ಮನೆಪಾಠ ಇಟ್ಟರೆ ಮಾತ್ರ ಈ ಉಪಾಯ ಫಲಿಸದು. ಇಷ್ಟದ್ದರಿಂದ ನೇರವಾಗಿ ಬೇಡದ್ದಕ್ಕೆ ಹೋಗಲು ನಾವೂ ಒಪ್ಪುವುದಿಲ್ಲ.

ಹೆಚ್ಚು ಇಷ್ಟವಾದ ಕೆಲಸವನ್ನು ಕಡಿಮೆ ಇಷ್ಟದ ಕೆಲಸಕ್ಕೆ ಬಹುಮಾನವಾಗಿ ಬಳಸಬಹುದು ಎಂಬ ತತ್ತ್ವವನ್ನು ಮನಶ್ಶಾಸ್ತ್ರಜ್ಞ ಡೇವಿಡ್ ಪ್ರೆಮ್ಯಾಕ್ 1959ರಲ್ಲಿ ವಿವರಿಸಿದರು. 'ಮೊದಲು ಸ್ನಾನ, ಆಮೇಲೆ ಕಂಪ್ಯೂಟರ್' ಎಂಬುದು ಅದೇ. ಇದನ್ನು ಅಳತೆಯಲ್ಲಿ ಬಳಸಿದರೆ ಸರಿ. ಹಲ್ಲುಜ್ಜುವುದರಿಂದ ಹಿಡಿದು ಮಲಗುವವರೆಗೆ ಪ್ರತಿಯೊಂದಕ್ಕೂ ಅದನ್ನೇ ಆಮಿಷವಾಗಿ ತೋರಿಸಿದರೆ, ಕಂಪ್ಯೂಟರ್ ಒಂದೇ ಬೆಲೆಬಾಳುವ ವಸ್ತು ಎಂದು ನಾವೇ ಕಲಿಸಿದಂತಾಗುತ್ತದೆ. ತಂಗಿಯನ್ನು ಹೊಡೆದದ್ದಕ್ಕೆ ಸಂಜೆಯ ಕಂಪ್ಯೂಟರ್ ರದ್ದು ಎಂಬ ಶಿಕ್ಷೆಯೂ ಇಂಥದ್ದೇ: ಎರಡಕ್ಕೂ ಸಂಬಂಧ ಕಾಣದ ಮಗುವಿಗೆ ಉಳಿಯುವ ಪಾಠವೆಂದರೆ ದಿನಚರಿಯನ್ನು ನಂಬುವಂತಿಲ್ಲ ಎಂಬುದು. ಮಾತು ಬಾರದ ಮಗು ಚಿತ್ರ ಒತ್ತಿ ಮಾತನಾಡಲು ಟ್ಯಾಬ್ಲೆಟ್ ಬಳಸುತ್ತಿದ್ದರೆ, ಅದನ್ನು ಶಿಕ್ಷೆಯಾಗಿ ಕಿತ್ತುಕೊಳ್ಳುವುದೆಂದರೆ ನಾಲಿಗೆಯನ್ನೇ ಕಸಿದಂತೆ. ಸಾಧ್ಯವಾದರೆ ಮಾತಿಗೆ ಒಂದು ಸಾಧನ, ಆಟಕ್ಕೆ ಇನ್ನೊಂದು ಇರಲಿ.

ಚೀರಿದಾಗ ಬಿಟ್ಟುಕೊಡಬೇಕೆ? ಮನಶ್ಶಾಸ್ತ್ರಜ್ಞರಾದ ಫರ್ಸ್ಟರ್ ಮತ್ತು ಸ್ಕಿನ್ನರ್ 1957ರಲ್ಲಿ ವಿಸ್ತಾರವಾಗಿ ದಾಖಲಿಸಿದ ಪ್ರಯೋಗಗಳು ತೋರಿಸಿದಂತೆ, ಯಾವಾಗ ಸಿಗುತ್ತದೆಂದು ಹೇಳಲಾಗದ ಪ್ರತಿಫಲವು ನಡವಳಿಕೆಯನ್ನು ಅತ್ಯಂತ ಗಟ್ಟಿಯಾಗಿ ಉಳಿಸುತ್ತದೆ. ಅಮ್ಮ ನಾಲ್ಕು ದಿನ ಬಿಗಿಹಿಡಿದು, ಐದನೆಯ ದಿನ ಅಜ್ಜಿ ಕನಿಕರದಿಂದ "ಪಾಪ, ಹತ್ತು ನಿಮಿಷ ಕೊಡು" ಎಂದರೆ ಚೀರಾಟಕ್ಕೆ ಹೊಸ ಬಲ ಬಂದಂತೆ. ಹೊಸ ನಿಯಮದ ಮೊದಲ ದಿನಗಳಲ್ಲಿ ರಂಪ ಕಡಿಮೆಯಾಗುವ ಮುನ್ನ ಒಮ್ಮೆ ಹೆಚ್ಚಾಗುವುದೂ ಸಹಜ. ಅದೇ ಹೊತ್ತಿನಲ್ಲಿ ಕೈಚೆಲ್ಲುವವರೇ ಹೆಚ್ಚು. ಆದ್ದರಿಂದ ಇಡೀ ಮನೆ ಪಾಲಿಸಬಲ್ಲ ಸಡಿಲ ನಿಯಮವೇ, ಒಬ್ಬರೇ ಪಾಲಿಸುವ ಕಟ್ಟುನಿಟ್ಟಿನ ನಿಯಮಕ್ಕಿಂತ ಮೇಲು. ಆದರೆ ಒಂದು ಎಚ್ಚರ ಬೇಕು. ಬೇಕಾದ್ದನ್ನು ಪಡೆಯಲು ಹಿಡಿದ ಹಠವು ಅದು ಸಿಕ್ಕೊಡನೆ ನಿಲ್ಲುತ್ತದೆ. ಮೆದುಳು ತಡೆಯಲಾರದೆ ಕುಸಿದಾಗ ಕಂಪ್ಯೂಟರನ್ನು ವಾಪಸು ಕೊಟ್ಟರೂ ಅಳು ನಿಲ್ಲುವುದಿಲ್ಲ. ಆಗ ಪಾಠ ಹೇಳುವುದು ವ್ಯರ್ಥ. ಬೆಳಕು ತಗ್ಗಿಸಿ, ಮಾತು ಕಡಿಮೆ ಮಾಡಿ, ಪೆಟ್ಟಾಗದಂತೆ ನೋಡಿಕೊಂಡು ಕಾಯುವುದಷ್ಟೇ ಕೆಲಸ.

ನಾನು ರಾಜಿಗೆ ಒಪ್ಪದ ವಿಷಯ ನಿದ್ರೆಯೊಂದೇ. ಆಟಿಸಂ ಇರುವ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ನಿದ್ರೆಯ ತೊಂದರೆ ಮೊದಲೇ ಇರುತ್ತದೆ. ಮಜುರೆಕ್ ಅವರ ತಂಡದ್ದೇ ಇನ್ನೊಂದು ಅಧ್ಯಯನದಲ್ಲಿ, ಮಲಗುವ ಕೋಣೆಯಲ್ಲಿ ಟಿವಿ ಅಥವಾ ಕಂಪ್ಯೂಟರ್ ಇರುವ, ಆಟಿಸಂ ಇರುವ ಹುಡುಗರ ನಿದ್ರೆ ಕಡಿಮೆಯಿತ್ತು. ಪರದೆಯ ಬೆಳಕಿನಲ್ಲಿರುವ ಸುಮಾರು 480 ನ್ಯಾನೊಮೀಟರ್ ಅಲೆಯುದ್ದದ ನೀಲಿ ಅಂಶಕ್ಕೆ ಅಕ್ಷಿಪಟಲದ ಕೆಲವು ಜೀವಕೋಶಗಳು ವಿಶೇಷವಾಗಿ ಸ್ಪಂದಿಸಿ, ನಿದ್ರೆಗೆ ಸಜ್ಜುಗೊಳಿಸುವ ಮೆಲಟೊನಿನ್ ಸ್ರವಿಸುವುದನ್ನು ತಡೆಯುತ್ತವೆ. ಬೆಳಕಿನ ಜೊತೆಗೆ ಆಟದ ಉದ್ವೇಗವೂ ಸೇರುತ್ತದೆ. ಕಂಪ್ಯೂಟರ್ ಎಲ್ಲರೂ ಓಡಾಡುವ ಕೋಣೆಯಲ್ಲಿದ್ದು, ಮಲಗುವುದಕ್ಕೆ ಒಂದು ಗಂಟೆ ಮೊದಲು ನಿಂತರೆ ಅರ್ಧ ಕೆಲಸ ಆದಂತೆ.

ಕೋಣೆಯ ವಿಷಯಕ್ಕೆ ಇನ್ನೊಂದು ಕಾರಣವೂ ಇದೆ. ಹೇಳಿದ್ದನ್ನು ಹೇಳಿದ ಹಾಗೆಯೇ ನಂಬುವ ಮಗುವನ್ನು ಅಂತರ್ಜಾಲದಲ್ಲಿ ಮೋಸಗೊಳಿಸುವುದು ಸುಲಭ. "ಒಳ್ಳೆಯವರ ಜೊತೆ ಮಾತ್ರ ಮಾತನಾಡು" ಎಂಬ ಸೂಚನೆಯಿಂದ ಪ್ರಯೋಜನವಿಲ್ಲ, ಏಕೆಂದರೆ ಎದುರಿನವರು ತಾವು ಒಳ್ಳೆಯವರೆಂದೇ ಹೇಳಿರುತ್ತಾರೆ. "ಯಾರಾದರೂ ಫೋಟೊ, ವಿಳಾಸ ಅಥವಾ ದುಡ್ಡು ಕೇಳಿದರೆ ಉತ್ತರ ಕೊಡದೆ ನನ್ನನ್ನು ಕರೆ" ಎಂದು ಬರೆದು ಪರದೆಯ ಪಕ್ಕದಲ್ಲಿ ಅಂಟಿಸಬೇಕು. ಸುರಕ್ಷಿತ ಜಾಗಗಳನ್ನು ಕಟ್ಟಿದವರೂ ಇದ್ದಾರೆ: ಕೆನಡಾದ ಸ್ಟುವರ್ಟ್ ಡಂಕನ್ ಎಂಬ ತಂದೆ 2013ರಲ್ಲಿ ಆಟಿಸಂ ಇರುವವರು ಮತ್ತು ಅವರ ಕುಟುಂಬದವರಿಗಾಗಿಯೇ ಆರಂಭಿಸಿದ 'ಆಟ್‌ಕ್ರಾಫ್ಟ್' ಎಂಬ ಮೈನ್‌ಕ್ರಾಫ್ಟ್ ವಿಡಿಯೊ ಆಟದ ಸರ್ವರ್, ಅಂದರೆ ಅಂತರ್ಜಾಲದಲ್ಲಿ ಜೊತೆಯಾಗಿ ಆಡುವ ಜಾಗ, ಅಂಥದ್ದು.

ಗೇಮಿಂಗ್ ಕಾಯಿಲೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 11ನೆಯ ಆವೃತ್ತಿ ಸೇರಿಸಿಕೊಂಡಿದೆ. ಅದಕ್ಕೆ ಹಿಡಿತ ತಪ್ಪಿರಬೇಕು, ಆಟವು ಬದುಕಿನ ಉಳಿದೆಲ್ಲವನ್ನೂ ಹಿಂದೆ ತಳ್ಳಿರಬೇಕು, ಹಾನಿ ಕಂಡರೂ ಮುಂದುವರಿದಿರಬೇಕು. ಸಾಮಾನ್ಯವಾಗಿ 12 ತಿಂಗಳಾದರೂ ಹೀಗೇ ನಡೆದಿರಬೇಕು. ಊಟ, ನಿದ್ರೆ, ಶಾಲೆ ಮೂರೂ ಕೆಡುತ್ತಿದ್ದರೆ ಅಥವಾ ಮಗು ತನಗೇ ಪೆಟ್ಟು ಮಾಡಿಕೊಳ್ಳುತ್ತಿದ್ದರೆ ಅಷ್ಟು ಕಾಲ ಕಾಯದೆ ಮಕ್ಕಳ ವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ಕಾಣಬೇಕು. ಕಾಣುವ ಮುನ್ನ ಒಂದು ವಾರ ನೋಟ್ ಪುಸ್ತಕದಲ್ಲಿ ಬರೆದಿಡುವುದು ಉಪಯುಕ್ತ: ಎಷ್ಟು ಹೊತ್ತಿಗೆ ಶುರುವಾಯಿತು, ಏನು ನೋಡುತ್ತಿದ್ದ, ಯಾರು ನಿಲ್ಲಿಸಿದರು, ಹೇಗೆ ನಿಲ್ಲಿಸಿದರು, ಆಮೇಲೆ ಏನಾಯಿತು. ಏಳು ದಿನಗಳಲ್ಲಿ ಎಲ್ಲ ದಿನವೂ ರಂಪವಾಗಿರುವುದಿಲ್ಲ. ಸದ್ದಿಲ್ಲದೆ ಎದ್ದು ಬಂದ ಒಂದೆರಡು ದಿನಗಳು ಅದರಲ್ಲಿ ಇದ್ದೇ ಇರುತ್ತವೆ, ಮತ್ತು ಅಂದು ವಿಡಿಯೊ ಪೂರ್ತಿ ಮುಗಿದಿತ್ತೇ, ಸುರಂಗದಿಂದ ರೈಲು ಹೊರಗೆ ಬಂದಿತ್ತೇ ಎಂದು ಮೊದಲು ನೋಡಬೇಕಾದದ್ದು ಆ ಪುಟಗಳಲ್ಲಿ.